ಹಗಲು ಹಕ್ಕಿ, ಇರುಳು ನಕ್ಷತ್ರ: ದಸರಾ ರಜೆಯಲ್ಲಿ ಹಾನ್ಲೆಗೆ ಹೋಗುವವರಿಗೊಂದು ಮಾರ್ಗದರ್ಶಿ

ಲಡಾಖಿನ ಪೂರ್ವ ಭಾಗದಲ್ಲಿ, ಚಾಂಗ್‌ಥಾಂಗ್ ವನ್ಯಜೀವಿಧಾಮದ ಒಳಗೆ ಹಾನ್ಲೆ ಎಂಬ ಊರಿದೆ. ಇದರ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು 2022ರ ಡಿಸೆಂಬರಿನಲ್ಲಿ ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಊರಿನ ಪಕ್ಕದ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಗುಡ್ಡದ ಕೆಳಗೆ ಹಾನ್ಲೆ ನದಿ ಹರಡಿಕೊಂಡು ಮಾಡಿರುವ ಜೌಗುನೆಲದಲ್ಲಿ ಕಪ್ಪುಕೊರಳ ಕ್ರೌಂಚಗಳು ಬೇಸಿಗೆ ಕಳೆಯುತ್ತವೆ. ನಕ್ಷತ್ರ ನೋಡುವವರಿಗೂ ಹಕ್ಕಿ ನೋಡುವವರಿಗೂ ಒಂದೇ ಊರು ಇಷ್ಟನ್ನು ಕೊಡುವುದು ನಮ್ಮ ದೇಶದಲ್ಲಿ ಅಪರೂಪ.

ಆದರೆ ಈ ಎರಡು ಹವ್ಯಾಸಗಳು ಪರಸ್ಪರ ಹೊಂದಿಕೊಳ್ಳುವುದು ಸುಲಭವಲ್ಲ. ಒಂದು ನಡುರಾತ್ರಿಯವರೆಗೆ ಎಚ್ಚರವಿರಿಸುತ್ತದೆ, ಇನ್ನೊಂದು ಬೆಳಗಾಗುತ್ತಲೇ ಎಬ್ಬಿಸುತ್ತದೆ. ಗಾಳಿ ತೆಳುವಾಗಿರುವ ಆ ಎತ್ತರದಲ್ಲಿ ನಿದ್ದೆಗೆಟ್ಟ ದೇಹ ಬಹಳ ಬೇಗ ಸೋಲುತ್ತದೆ. ಹಾಗಾಗಿ ಯಾವುದನ್ನು ಯಾವಾಗ ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ಕ್ರಮವನ್ನು ಊರು ಬಿಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮೊದಲು ಪಂಚಾಂಗ, ಆಮೇಲೆ ವಿಮಾನದ ಟಿಕೆಟ್

ಹೆಚ್ಚಿನವರು ಲಡಾಖಿಗೆ ಮೇ-ಜೂನ್ ತಿಂಗಳಲ್ಲಿ ಹೋಗುತ್ತಾರೆ. ಹಕ್ಕಿಗಳ ದೃಷ್ಟಿಯಿಂದ ಅದು ಒಳ್ಳೆಯ ಕಾಲವೇ, ಆದರೆ ನಕ್ಷತ್ರವನ್ನೂ ನೋಡಬೇಕೆನ್ನುವವರಿಗೆ ಅಲ್ಲ. ಜೂನ್ ಮೂರನೆಯ ವಾರದಲ್ಲಿ ಹಾನ್ಲೆಯಲ್ಲಿ ಸೂರ್ಯ ಮುಳುಗುವುದು ಸಂಜೆ ಏಳು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ, ಸಂಜೆಬೆಳಕು ಪೂರ್ತಿ ಆರಿ ಕತ್ತಲಾಗುವುದು ಒಂಬತ್ತರ ಮೇಲೆ, ಮತ್ತೆ ಮೂಡಣ ಬಿಳುಪೇರುವುದು ಮೂರೂವರೆಯ ಹೊತ್ತಿಗೆ. ಐದು ಗಂಟೆಗೆ ಹಕ್ಕಿಗಳಿಗಾಗಿ ಏಳಬೇಕಾದವರಿಗೆ ನಿದ್ದೆಗೆ ಹೊತ್ತೇ ಉಳಿಯುವುದಿಲ್ಲ. ಮೇಲಾಗಿ ಅದು ಕ್ರೌಂಚಗಳು ಗೂಡು ಮಾಡಿ ಕಾವು ಕೊಡುವ ಕಾಲ. ಆಗ ಜೌಗಿನ ಸುತ್ತ ಜನರ ಓಡಾಟ ಕಡಿಮೆಯಾದಷ್ಟೂ ಒಳ್ಳೆಯದು. ಜುಲೈ-ಆಗಸ್ಟಿನಲ್ಲಿ ಮಳೆಗಾಲದ ಮೋಡಗಳು ಹಿಮಾಲಯ ದಾಟಿ ಇಲ್ಲಿಗೂ ಬರುತ್ತವೆ. ನವೆಂಬರಿನ ನಂತರ ಆಕಾಶವೇನೋ ತಿಳಿಯಾಗಿರುತ್ತದೆ, ಆದರೆ ಅಷ್ಟರಲ್ಲಿ ಹಕ್ಕಿಗಳು ಹೊರಟುಹೋಗಿರುತ್ತವೆ. ಚಳಿಯೂ ಮೈನಸ್ ಇಪ್ಪತ್ತರ ಕಡೆಗೆ ಇಳಿಯುತ್ತದೆ.

ಉಳಿಯುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಭಾಗದವರೆಗಿನ ಅವಧಿ. ಎರಡೂ ಹವ್ಯಾಸಗಳಿಗೆ ಒಟ್ಟಿಗೆ ಒದಗುವ ಕಾಲ ಇದೊಂದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ಸೂರ್ಯ ಆರು ಗಂಟೆಯ ಆಸುಪಾಸಿನಲ್ಲಿ ಮುಳುಗಿ ಎಂಟರೊಳಗೆ ಗಾಢ ಕತ್ತಲಾಗುತ್ತದೆ. ಹನ್ನೊಂದರವರೆಗೆ ಆಕಾಶ ನೋಡಿ ಮಲಗಿದರೂ ಬೆಳಗಿನ ಆರಕ್ಕೆ ಏಳುವುದು ಕಷ್ಟವಲ್ಲ. ಮರಿಗಳು ಬೆಳೆದು ಹಾರಲು ಕಲಿತಿರುತ್ತವೆ, ಗೂಡು ಕೆಡಿಸಿದ ಪಾಪ ನಮಗೆ ಬರುವುದಿಲ್ಲ.

ನಮ್ಮವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಮಹಾಲಯ ಅಮಾವಾಸ್ಯೆ ಬೀಳುವುದು ಇದೇ ಅವಧಿಯಲ್ಲಿ, ಅದರ ಮರುದಿನವೇ ನವರಾತ್ರಿ ಮೊದಲು. ಪಿತೃಪಕ್ಷದ ಕಾರ್ಯವನ್ನು ಮನೆಯಲ್ಲಿ ಮುಗಿಸಿ ಹೊರಡಬೇಕೆನ್ನುವವರು ಅಮಾವಾಸ್ಯೆ ತಪ್ಪಿತೆಂದು ಬೇಸರಪಡಬೇಕಾಗಿಲ್ಲ. ಪಂಚಮಿಯವರೆಗೂ ಎಳೆಯ ಚಂದ್ರ ರಾತ್ರಿ ಒಂಬತ್ತರ ಆಸುಪಾಸಿಗೆ ಗುಡ್ಡಗಳ ಹಿಂದೆ ಸರಿದುಬಿಡುತ್ತಾನೆ. ಆದರೆ ಲೇಹದಲ್ಲಿ ಕಳೆಯಬೇಕಾದ ದಿನಗಳನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಹಬ್ಬದ ಮೊದಲ ದಿನ ಬೆಂಗಳೂರು ಬಿಟ್ಟವರು ಹಾನ್ಲೆ ಮುಟ್ಟುವಾಗ ಪಂಚಮಿಯೇ ಆಗಿರುತ್ತದೆ. ಅಂಥವರು ಮುಂದಿನ ರಾತ್ರಿಗಳಲ್ಲಿ, ಬೆಳೆಯುತ್ತಿರುವ ಅರ್ಧಚಂದ್ರ ತಡವಾಗಿ ಮುಳುಗಿದ ನಂತರದ ಆಕಾಶಕ್ಕೆ ಸಿದ್ಧರಾಗಬೇಕು. ಮನೆಯ ಕಾರ್ಯದ ಕಟ್ಟುಪಾಡಿಲ್ಲದವರು ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆಯೇ ಲೇಹದಲ್ಲಿ ಇಳಿದಿರುವುದು ಲೇಸು.

ಪರವಾನಗಿ

ಹಾನ್ಲೆ ಗಡಿಗೆ ಹತ್ತಿರದ ಊರು. ಭಾರತೀಯ ಪ್ರಜೆಗಳು ಲೇಹ್ ಜಿಲ್ಲಾಡಳಿತದ ಆನ್‌ಲೈನ್ ವ್ಯವಸ್ಥೆಯಲ್ಲಿ ಅನುಮತಿ ಪಡೆದು, ಅದರ ನಾಲ್ಕಾರು ಜೆರಾಕ್ಸ್ ಪ್ರತಿಗಳನ್ನು ಗುರುತಿನ ಚೀಟಿಯೊಂದಿಗೆ ಕೈಯಲ್ಲಿಟ್ಟುಕೊಳ್ಳಬೇಕು. ವಿದೇಶಿ ಪಾಸ್‌ಪೋರ್ಟ್ ಇರುವ ಕನ್ನಡಿಗರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಇಂಥ ಪ್ರದೇಶಗಳಲ್ಲಿ ವಿದೇಶಿಯರ ನಿಯಮಕ್ಕೇ ಒಳಪಡುತ್ತಾರೆ. ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ತೆಗೆಸುವ ಮುನ್ನ ವಿಚಾರಿಸುವುದು ಒಳ್ಳೆಯದು. ಡ್ರೋನ್ ಒಯ್ಯುವ ಯೋಚನೆ ಬೇಡ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ನಿಧಾನವಾಗಿ ಏರುವುದು

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಲೇಹ್ 3,500 ಮೀಟರಿನಲ್ಲಿ. ವಿಮಾನದಲ್ಲಿ ಬಂದವರು ಆ ಎತ್ತರವನ್ನು ಕೆಲವೇ ಗಂಟೆಗಳಲ್ಲಿ ಏರಿರುತ್ತಾರೆ, ದೇಹಕ್ಕೆ ಅದು ಗೊತ್ತಾಗುವುದು ಸಂಜೆಯ ತಲೆನೋವಿನಲ್ಲಿ. ಲೇಹದಲ್ಲಿ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಪೂರ್ಣ ದಿನ ವಿಶ್ರಾಂತಿ ತೆಗೆದುಕೊಳ್ಳಬೇಕು. ಮದ್ಯ ಬೇಡ. ಎತ್ತರದ ಕಾಯಿಲೆಗೆ ಕೊಡುವ ಅಸೆಟಾಜೋಲಮೈಡ್ ಮಾತ್ರೆಯನ್ನು ಗೆಳೆಯರ ಮಾತು ಕೇಳಿ ನುಂಗದೆ, ಊರಿನಲ್ಲೇ ವೈದ್ಯರನ್ನು ಕಂಡು ತೀರ್ಮಾನಿಸಬೇಕು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರಿಗೆ ಆ ಭೇಟಿ ಇನ್ನೂ ಮುಖ್ಯ.

ಲೇಹದಿಂದ ಹಾನ್ಲೆಗೆ ಉಪ್ಶಿ, ಚುಮಾಥಾಂಗ್, ಮಾಹೆ, ನ್ಯೋಮಾ, ಲೋಮಾ ಮಾರ್ಗವಾಗಿ 250 ಕಿಲೋಮೀಟರಿಗಿಂತ ಹೆಚ್ಚು ದೂರ. ದಾರಿಯ ಬಹುಭಾಗ ಸಿಂಧೂ ನದಿಯ ದಂಡೆಯಲ್ಲೇ ಸಾಗುತ್ತದೆ. ಒಂದೇ ದಿನದಲ್ಲಿ ಮುಟ್ಟಿಸುತ್ತೇವೆ ಎಂದು ಟ್ಯಾಕ್ಸಿಯವರು ಹೇಳುತ್ತಾರೆ, ಮುಟ್ಟಿಸುತ್ತಾರೆ ಕೂಡ. ಆದರೆ ಹಾಗೆ ಹೋದರೆ ಮಲಗುವ ಎತ್ತರ ಒಂದೇ ದಿನಕ್ಕೆ ಎಂಟುನೂರು ಮೀಟರ್ ಹೆಚ್ಚಿದಂತಾಗುತ್ತದೆ. ದಿನಕ್ಕೆ ಐನೂರು ಮೀಟರ್ ಮೀರಬಾರದೆಂಬುದು ಪರ್ವತ ವೈದ್ಯಕೀಯದ ಸಾಮಾನ್ಯ ಸೂತ್ರ. ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ, 4,000 ಮೀಟರಿನ ಆಸುಪಾಸಿನಲ್ಲಿರುವ ಚುಮಾಥಾಂಗ್ ಬಿಸಿನೀರಿನ ಬುಗ್ಗೆಗಳ ಊರು. ಅಲ್ಲಿ ಒಂದು ರಾತ್ರಿ ತಂಗುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಸಾಮಾನ್ಯ ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಕಂಡರೆ ಅದೇ ಎತ್ತರದಲ್ಲಿ ನಿಂತು ಕಾಯಬಹುದು. ಕುಳಿತಲ್ಲೇ ಏದುಸಿರು, ನೊರೆ ಬರುವ ಕೆಮ್ಮು, ತಡವರಿಸುವ ನಡಿಗೆ ಅಥವಾ ಮಾತಿನಲ್ಲಿ ಗೊಂದಲ ಕಂಡರೆ ರಾತ್ರಿಯೋ ಹಗಲೋ ನೋಡದೆ ಕೆಳಗಿಳಿಸಬೇಕು.

ಚೀಲದಲ್ಲಿ ಏನಿರಬೇಕು

ಒಂದೇ ಉಪಕರಣ ಎರಡೂ ಕೆಲಸಕ್ಕೆ ಬರುವಂತಿದ್ದರೆ ಹೊರೆ ಅರ್ಧ ಇಳಿಯುತ್ತದೆ. ಅಂಥದ್ದು 8×42 ಬೈನಾಕ್ಯುಲರ್. ಇದರಲ್ಲಿ ಎಂಟು ಎಂಬುದು ದೃಶ್ಯ ಎಷ್ಟು ಪಟ್ಟು ಹತ್ತಿರವಾಗಿ ಕಾಣುತ್ತದೆ ಎಂಬುದನ್ನೂ, ನಲವತ್ತೆರಡು ಎಂಬುದು ಮುಂದಿನ ಮಸೂರದ ವ್ಯಾಸವನ್ನು ಮಿಲಿಮೀಟರಿನಲ್ಲೂ ಹೇಳುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಐದೂಕಾಲು ಮಿಲಿಮೀಟರ್, ಕಣ್ಣೊಳಗೆ ಬಂದು ಬೀಳುವ ಬೆಳಕಿನ ಕಟ್ಟಿನ ಅಗಲ. ಕತ್ತಲಲ್ಲಿ ವಯಸ್ಕರ ಕಣ್ಣುಪಾಪೆ ಹಿಗ್ಗುವುದೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಬಂದ ಬೆಳಕು ವ್ಯರ್ಥವಾಗುವುದಿಲ್ಲ. ನಕ್ಷತ್ರವೇ ಮುಖ್ಯವೆನ್ನುವವರು 10×50 ಒಯ್ಯಬಹುದು, ಆದರೆ ಚಳಿಗೆ ನಡುಗುವ ಕೈಯಲ್ಲಿ ಅದು ಸ್ಥಿರವಾಗಿ ನಿಲ್ಲುವುದಿಲ್ಲ, ಟ್ರೈಪಾಡ್ ಬೇಕಾಗುತ್ತದೆ. ಸ್ವಂತ ದೂರದರ್ಶಕವನ್ನು ಹೊತ್ತೊಯ್ಯುವ ಅಗತ್ಯವಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಕೆಂಪು ಬೆಳಕಿನ ಟಾರ್ಚ್ ಕಡ್ಡಾಯ. ಅಂಗಡಿಯಲ್ಲಿ ಸಿಗದಿದ್ದರೆ ಸಣ್ಣ ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಕಾಗದವನ್ನು ಮೂರು-ನಾಲ್ಕು ಪದರ ಮಡಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಅಂಗೈಯ ಗೆರೆಗಳಷ್ಟೇ ಕಾಣುವಷ್ಟು ಮಂದವಾಗಿರಬೇಕು. ಕತ್ತಲಿಗೆ ಹೊಂದಿಕೊಂಡ ಕಣ್ಣು ಬಿಳಿ ಬೆಳಕಿನ ಒಂದೇ ಹೊಡೆತಕ್ಕೆ ಕುರುಡಾಗಿ, ಮತ್ತೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಮೊಬೈಲ್ ಪರದೆಯೂ ಬಿಳಿ ಬೆಳಕೇ ಎಂಬುದನ್ನು ಜನ ಮರೆಯುತ್ತಾರೆ. ಬಟ್ಟೆಯ ವಿಚಾರದಲ್ಲಿ ಒಂದು ದಪ್ಪ ಕೋಟಿಗಿಂತ ಮೂರು-ನಾಲ್ಕು ಪದರಗಳು ಮೇಲು, ಮಂಕಿ ಕ್ಯಾಪ್ ಬಗ್ಗೆ ನಾಚಿಕೆ ಬೇಡ. ಚಳಿಗೆ ಬ್ಯಾಟರಿ ಬೇಗ ಸಾಯುವುದರಿಂದ ಕ್ಯಾಮೆರಾ ಬ್ಯಾಟರಿಗಳನ್ನೂ ಪವರ್ ಬ್ಯಾಂಕನ್ನೂ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು.

ಮೊದಲ ಸಂಜೆ: ಬೆಳಕಿನ ಶಿಸ್ತು

ಊರು ತಲುಪಿದ ದಿನ ಕತ್ತಲಾಗುವ ಮೊದಲೇ ಹೋಂಸ್ಟೇ ಸೇರಿ ವಾಹನ ನಿಲ್ಲಿಸಿಬಿಡಬೇಕು. ಮೀಸಲು ಪ್ರದೇಶದ ಕಟ್ಟಳೆಯಂತೆ ಮನೆಗಳ ಕಿಟಕಿಗೆ ದಪ್ಪ ಪರದೆ, ಹೊರಗಿನ ದೀಪಕ್ಕೆ ಬೆಳಕು ಕೆಳಗಷ್ಟೇ ಬೀಳುವಂತೆ ಮುಚ್ಚಳ, ರಾತ್ರಿ ವಾಹನದ ಹೈಬೀಮಿಗೆ ನಿರ್ಬಂಧ ಇರುತ್ತವೆ. ಗುಡ್ಡದ ಮೇಲೆ ವಿಜ್ಞಾನಿಗಳು ಬಹು ದೂರದ, ಬಹು ಮಸುಕಾದ ಕಾಯಗಳ ಬೆಳಕನ್ನು ಸಂಗ್ರಹಿಸುತ್ತಿರುವಾಗ ಕೆಳಗಿನ ರಸ್ತೆಯ ಒಂದು ಹೆಡ್‌ಲೈಟ್ ಕೂಡ ತೊಂದರೆಯೇ. ವೀಕ್ಷಣಾಲಯದ ಆವರಣವನ್ನು ನೋಡುವ ಆಸೆಯಿದ್ದರೆ ಹಗಲಿನಲ್ಲಿ ವಿಚಾರಿಸಿ ಹೋಗಬೇಕು. ಆಕಾಶ ತೋರಿಸಲು ಬಳಸುವ ಹಸಿರು ಲೇಸರ್ ಕಡ್ಡಿಯನ್ನು ಊರಿನಲ್ಲೇ ಬಿಟ್ಟು ಬನ್ನಿ.

ಈ ಕಟ್ಟಳೆಗಳನ್ನು ಪಾಲಿಸುತ್ತಿರುವುದು ಇಲ್ಲಿನ ಜನ, ಅದರ ಫಲ ಪಡೆಯುವವರು ನಾವು. ಆ ಲೆಕ್ಕ ಸ್ವಲ್ಪವಾದರೂ ಸರಿಯಾಗಲೆಂದೇ ಭಾರತೀಯ ಖಭೌತ ಸಂಸ್ಥೆ ಹಾನ್ಲೆಯ ಸುತ್ತಲ ಹಳ್ಳಿಗಳ ಎರಡು ಡಜನ್ನಷ್ಟು ಜನರನ್ನು, ಅವರಲ್ಲಿ ಮಹಿಳೆಯರೇ ಹೆಚ್ಚು, ಖಗೋಳ ರಾಯಭಾರಿಗಳಾಗಿ ತರಬೇತುಗೊಳಿಸಿ ದೂರದರ್ಶಕಗಳನ್ನು ಒದಗಿಸಿದೆ. ಇವರಲ್ಲೊಬ್ಬರನ್ನು ಹೋಂಸ್ಟೇಯವರ ಮೂಲಕ ಸಂಜೆಯೇ ಗೊತ್ತುಮಾಡಿಕೊಳ್ಳಿ. ಸ್ವಂತ ದೂರದರ್ಶಕ ಬೇಡವೆಂದದ್ದು ಇದಕ್ಕೇ: ಅವರ ಬಳಿಯ ಡಾಬ್ಸೋನಿಯನ್ ಮಾದರಿಯ (ದೊಡ್ಡ ಕನ್ನಡಿಯ, ಸರಳ ಪೀಠದ ಮೇಲೆ ಕೈಯಲ್ಲೇ ತಿರುಗಿಸುವ) ಉಪಕರಣದಲ್ಲಿ ಕಾಣುವಷ್ಟು ನಾವು ವಿಮಾನದಲ್ಲಿ ತರಬಹುದಾದ ಚಿಕ್ಕ ಕೊಳವೆಯಲ್ಲಿ ಕಾಣುವುದಿಲ್ಲ, ನಾವು ಕೊಡುವ ಶುಲ್ಕ ನೇರವಾಗಿ ಆ ಮನೆಗೆ ಸೇರುತ್ತದೆ. ಹವ್ಯಾಸದಲ್ಲಿ ಪಳಗಿದವರಿಗಾಗಿ ಸಂಸ್ಥೆಯು 2023ರಿಂದ ಇಲ್ಲಿ ನಕ್ಷತ್ರಕೂಟವನ್ನೂ ನಡೆಸುತ್ತಿದೆ, ಅದಕ್ಕೆ ಮೊದಲೇ ಅರ್ಜಿ ಹಾಕಬೇಕು.

ಮೊದಲ ರಾತ್ರಿ ಅರ್ಧ ಗಂಟೆ ಬರಿಗಣ್ಣಿನಲ್ಲಿ ನೋಡಿ ಮಲಗಿಬಿಡಿ. ಬಂದ ಉತ್ಸಾಹದಲ್ಲಿ ನಡುರಾತ್ರಿಯವರೆಗೆ ಕೂತವರು ಮರುದಿನ ಹಾಸಿಗೆಯಲ್ಲೇ ಕಳೆಯುತ್ತಾರೆ.

ಎರಡನೆಯ ರಾತ್ರಿ: ನೋಡುವ ಕ್ರಮ

ಎಂಟು ಗಂಟೆಗೆ ಹೊರಗೆ ಬಂದು ಚಾಪೆಯ ಮೇಲೆ ಅಂಗಾತ ಮಲಗುವುದರಿಂದ ಆರಂಭಿಸಿ. ಕತ್ತೆತ್ತಿ ನಿಂತು ನೋಡಿದರೆ ತಲೆ ಸುತ್ತುತ್ತದೆ. ಈ ಎತ್ತರದಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಮಸುಕು ಬೆಳಕನ್ನು ಗ್ರಹಿಸುವ ಕಣ್ಣಿನ ಶಕ್ತಿಯೂ ಕುಂದಿರುತ್ತದೆ. ಏನೋ ಮಂಜುಮಂಜಾಗಿದೆ ಅನ್ನಿಸಿದಾಗ ನಿಧಾನವಾಗಿ ನಾಲ್ಕೈದು ಬಾರಿ ದೀರ್ಘವಾಗಿ ಉಸಿರೆಳೆದುಕೊಂಡು ಮತ್ತೆ ನೋಡಿ, ಮಸುಕು ನಕ್ಷತ್ರಗಳು ಇನ್ನಷ್ಟು ತೋರುತ್ತವೆ.

ನಮ್ಮ ನಗರಗಳಲ್ಲಿ ನಕ್ಷತ್ರ ಗುರುತಿಸಲು ಕಲಿತವರಿಗೆ ಮೊದಲ ರಾತ್ರಿ ಇಲ್ಲಿ ದಾರಿ ತಪ್ಪಿದಂತಾಗುತ್ತದೆ. ಇಲ್ಲದ ನಕ್ಷತ್ರ ಹುಡುಕುವ ಕಷ್ಟ ಅಲ್ಲಿಯದು, ಸಾವಿರಾರು ಚುಕ್ಕೆಗಳ ನಡುವೆ ಪರಿಚಿತ ಆಕೃತಿಯೇ ಕಳೆದುಹೋಗುವ ಕಷ್ಟ ಇಲ್ಲಿಯದು. ಹಾಗಾಗಿ ಸಂಜೆಬೆಳಕು ಪೂರ್ತಿ ಆರುವ ಮೊದಲೇ, ದೊಡ್ಡ ನಕ್ಷತ್ರಗಳಷ್ಟೇ ಕಾಣುತ್ತಿರುವಾಗ, ನೆತ್ತಿಯ ಬಳಿ ಅಭಿಜಿತ್, ಅದರ ದಕ್ಷಿಣಕ್ಕೆ ಶ್ರವಣ, ಪೂರ್ವಕ್ಕೆ ಹಂಸದ ಬಾಲದ ನಕ್ಷತ್ರ, ಈ ಮೂರರ ತ್ರಿಕೋನವನ್ನು ಗುರುತಿಟ್ಟುಕೊಳ್ಳಬೇಕು. ಧ್ರುವ ನಕ್ಷತ್ರ ಬೆಂಗಳೂರಿನಲ್ಲಿ ದಿಗಂತದಿಂದ ಹದಿಮೂರು ಡಿಗ್ರಿ ಮೇಲಿದ್ದು ಕಟ್ಟಡಗಳ ಹಿಂದೆ ಅಡಗಿರುತ್ತದೆ. ಇಲ್ಲಿ ಅದು ಮೂವತ್ತಮೂರು ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ.

ಕತ್ತಲು ಗಟ್ಟಿಯಾದಾಗ ಆಕಾಶಗಂಗೆ ನೈಋತ್ಯದ ಗುಡ್ಡಗಳಿಂದೆದ್ದು ನೆತ್ತಿಯ ಮೇಲೆ ಹಾದು ಈಶಾನ್ಯದ ಕುಂತಿ (ಕ್ಯಾಸಿಯೋಪಿಯಾ) ಮಂಡಲದವರೆಗೆ ಚಾಚಿಕೊಳ್ಳುತ್ತದೆ. ಹಂಸ ಮಂಡಲದ ಬಳಿ ಅದು ಎರಡಾಗಿ ಸೀಳಿದಂತೆ ಕಾಣುವುದು ನಡುವೆ ಅಡ್ಡ ಬಂದಿರುವ ದೂಳಿನ ಮೋಡಗಳಿಂದ. ಬೈನಾಕ್ಯುಲರನ್ನು ಆ ಸೀಳಿನ ಅಂಚಿನಲ್ಲಿ ಹಂಸದಿಂದ ಗರುಡ ಮಂಡಲದ ಕಡೆಗೆ ನಿಧಾನವಾಗಿ ಎಳೆಯಿರಿ, ಯಾವ ಪಟ್ಟಿಯೂ ಬೇಡ. ಒಂಬತ್ತರ ಹೊತ್ತಿಗೆ ಈಶಾನ್ಯದಲ್ಲಿ ದ್ರೌಪದಿ (ಆಂಡ್ರೊಮಿಡಾ) ಮಂಡಲದ ಗೆಲಾಕ್ಸಿ ಬರಿಗಣ್ಣಿಗೇ ಉದ್ದನೆಯ ಮಸುಕು ಕಲೆಯಾಗಿ ಕಾಣುತ್ತದೆ. ನೇರ ನೋಟಕ್ಕೆ ಸಿಗದಿದ್ದರೆ ಸ್ವಲ್ಪ ಪಕ್ಕಕ್ಕೆ ದೃಷ್ಟಿಯಿಟ್ಟು ಓರೆಗಣ್ಣಿನಲ್ಲಿ ನೋಡಬೇಕು. ಆ ಬೆಳಕು ಹೊರಟು ಸುಮಾರು ಇಪ್ಪತ್ತೈದು ಲಕ್ಷ ವರ್ಷಗಳಾಗಿವೆ. ಕುಂತಿ ಮತ್ತು ಪಾರ್ಥ (ಪರ್ಸಿಯಸ್) ಮಂಡಲಗಳ ನಡುವಿನ ಜೋಡಿ ನಕ್ಷತ್ರಗುಚ್ಛವನ್ನು, ಒಂಬತ್ತೂವರೆಯ ನಂತರ ಗುಡ್ಡವೇರುವ ಕೃತ್ತಿಕೆಯನ್ನು ನೋಡಿ ರಾಯಭಾರಿಯ ದೂರದರ್ಶಕದ ಕಡೆಗೆ ಹೋಗಬಹುದು.

ಒಂದು ವಿಷಯದಲ್ಲಿ ಹಾನ್ಲೆ ನಮ್ಮ ನಾಡಿಗಿಂತ ಹಿಂದು. ಅಗಸ್ತ್ಯ ನಕ್ಷತ್ರ ಇಲ್ಲಿ ದಿಗಂತದಿಂದ ಐದು ಡಿಗ್ರಿಯೂ ಮೇಲೇಳದೆ ಗುಡ್ಡಗಳ ಹಿಂದೆಯೇ ಉಳಿಯುತ್ತದೆ. ಕ್ರೌಂಚ ಪಕ್ಷಿಯ ಹೆಸರಿನ ದಕ್ಷಿಣದ ಮಂಡಲ ಕೂಡ, ಕ್ರೌಂಚಗಳ ಈ ಊರಿಗಿಂತ ಕರ್ನಾಟಕದಿಂದಲೇ ಚೆನ್ನಾಗಿ ಕಾಣುತ್ತದೆ.

ಮೂರು ರಾತ್ರಿ ತಂಗುವವರು ಒಂದು ದಿನ ಹಕ್ಕಿಗಳನ್ನು ಬಿಟ್ಟು ಬೆಳಗಿನ ನಾಲ್ಕಕ್ಕೆ ಏಳಬೇಕು. ಮೂಡಣ ಬಿಳುಪೇರುವ ಮೊದಲು ಪೂರ್ವದಲ್ಲಿ ಗೋಪುರದಂತೆ ಓರೆಯಾಗಿ ಮೇಲೇಳುವ ಮಂದ ಬೆಳಕು ಹಳ್ಳಿಯ ದೀಪದ್ದಲ್ಲ; ಗ್ರಹಗಳ ಕಕ್ಷೆಯ ಸಮತಲದಲ್ಲಿ ಹರಡಿರುವ ದೂಳಿನ ಮೇಲೆ ಬಿದ್ದ ಸೂರ್ಯನ ಬೆಳಕು. ಉತ್ತರಾರ್ಧ ಗೋಳದಲ್ಲಿ ಅದನ್ನು ನಸುಕಿನಲ್ಲಿ ನೋಡಲು ಸೆಪ್ಟೆಂಬರ್-ಅಕ್ಟೋಬರ್ ಹೇಳಿಮಾಡಿಸಿದ ಕಾಲ.

ಬೆಳಗು: ಜೌಗಿನ ಅಂಚಿನಲ್ಲಿ

ನಮ್ಮ ಕೆರೆಗಳಲ್ಲಿಯಂತೆ ಇಲ್ಲಿ ಕತ್ತಲಿರುವಾಗಲೇ ಓಡಬೇಕಾಗಿಲ್ಲ. ಹುಲ್ಲಿನ ಮೇಲೆ ಹಿಮ ಗಟ್ಟಿದ್ದು ಬಿಸಿಲು ತಾಗಿದ ಮೇಲೆ ಹಕ್ಕಿಗಳ ಓಡಾಟ ಹೆಚ್ಚುತ್ತದೆ, ಆರೂವರೆಯಿಂದ ಒಂಬತ್ತೂವರೆಯವರೆಗಿನ ಹೊತ್ತು ಸಾಕು. ಮಧ್ಯಾಹ್ನ ಗಾಳಿ ಎದ್ದ ಮೇಲೆ ಬೈನಾಕ್ಯುಲರ್ ಹಿಡಿಯುವುದೇ ಕಷ್ಟ. ಆ ಹೊತ್ತು ನಿದ್ದೆಗಿರಲಿ.

ರಸ್ತೆಯ ಮೇಲೆ ನಿಲ್ಲಿಸಿದ ವಾಹನದೊಳಗಿಂದಲೇ ನೋಡುವುದು ಉತ್ತಮ. ಹಕ್ಕಿಗಳು ನಿಂತ ಜೀಪಿಗೆ ಹೆದರುವುದಿಲ್ಲ, ಇಳಿದು ನಡೆಯುವ ಮನುಷ್ಯನಿಗೆ ಹೆದರುತ್ತವೆ. ಕಪ್ಪುಕೊರಳ ಕ್ರೌಂಚ ಸುಮಾರು ನಾಲ್ಕೂವರೆ ಅಡಿ ಎತ್ತರದ, ಬೂದುಬಿಳಿ ಮೈಯ ಹಕ್ಕಿ. ಕತ್ತು ಕಪ್ಪು, ನೆತ್ತಿಯ ಮೇಲೆ ಕೆಂಪು ಚರ್ಮದ ಟೋಪಿ, ಹಿಂಭಾಗದಲ್ಲಿ ಇಳಿಬಿದ್ದ ಕಪ್ಪು ಗರಿಗಳು. ಸಾಮಾನ್ಯವಾಗಿ ಎರಡು ಮೊಟ್ಟೆಯಿಡುತ್ತದೆ. ಈ ಕಾಲದಲ್ಲಿ ಜೋಡಿಯ ಜೊತೆ ನಿಂತ ಮರಿ ಹೆಚ್ಚುಕಡಿಮೆ ದೊಡ್ಡವರಷ್ಟೇ ಎತ್ತರವಿದ್ದರೂ ತಲೆ-ಕತ್ತಿನ ಕಂದು ಛಾಯೆಯಿಂದ ಗುರುತು ಸಿಗುತ್ತದೆ. ಅವು ಕೊಕ್ಕನ್ನು ಕೆಸರಿನಲ್ಲಿ ಊರಿ ಕೆದಕುತ್ತಿರುವವರೆಗೂ ನೀವು ಸರಿಯಾದ ದೂರದಲ್ಲಿದ್ದೀರಿ. ಒಂದು ಹಕ್ಕಿ ತಲೆಯೆತ್ತಿ ಕತ್ತು ನೆಟ್ಟಗೆ ಮಾಡಿ ನಿಂತರೆ ಎಚ್ಚರಿಕೆ; ಎರಡೂ ತಲೆಯೆತ್ತಿ ಮರಿಯನ್ನು ನಡುವೆ ಇಟ್ಟುಕೊಂಡು ದೂರ ನಡೆಯತೊಡಗಿದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಬೇಕು. ಅವು ಚಳಿಗಾಲಕ್ಕೆ ಹೊರಡುವ ಮುನ್ನ ಮೈತುಂಬಿಕೊಳ್ಳಬೇಕಾದ ದಿನಗಳಿವು, ಒಂದು ಫೋಟೋಗಾಗಿ ಎಬ್ಬಿಸುವುದು ತರವಲ್ಲ. ಮೊಟ್ಟೆ-ಮರಿಗಳಿಗೆ ಬೀದಿನಾಯಿಗಳೇ ದೊಡ್ಡ ಕಾಟವಾಗಿರುವುದರಿಂದ ಉಳಿದ ಬಿಸ್ಕತ್ತು, ಚಪಾತಿಗಳನ್ನು ಅವಕ್ಕೆ ಹಾಕಬೇಡಿ. ಕರುಣೆಯಿಂದಲೇ ಮಾಡುವ ಈ ಕೆಲಸ ಇಲ್ಲಿ ಹಕ್ಕಿಗಳಿಗೆ ಮುಳುವಾಗುತ್ತದೆ.

ನೀರಿನಂಚಿನಲ್ಲಿ ಚಕ್ರವಾಕಗಳು, ಪಟ್ಟೆತಲೆ ಹೆಬ್ಬಾತುಗಳು, ಒಣಗಿದ ಕಲ್ಲುನೆಲದಲ್ಲಿ ಹಾರ್ನ್ಡ್ ಲಾರ್ಕ್ ಮತ್ತು ಅದೃಷ್ಟವಿದ್ದರೆ ಟಿಬೆಟನ್ ಸ್ಯಾಂಡ್‌ಗ್ರೌಸ್, ಬಿಸಿಲೇರಿದ ಮೇಲೆ ಗುಡ್ಡದ ಅಂಚಿನಲ್ಲಿ ತೇಲುವ ಅಪ್‌ಲ್ಯಾಂಡ್ ಬಝರ್ಡ್ ಸಿಗುತ್ತವೆ. ದೂರದ ಬಯಲಿನಲ್ಲಿ ಕಿಯಾಂಗ್ ಕಾಡುಕತ್ತೆಗಳು ಕಂಡರೆ ಅವುಗಳ ಹಿಂದೆ ಗಾಡಿ ಓಡಿಸಬೇಡಿ. ಟೈರಿನ ಗುರುತು ಈ ನೆಲದಿಂದ ವರ್ಷಗಟ್ಟಲೆ ಮಾಸುವುದಿಲ್ಲ, ಆ ಹುಲ್ಲು ಚಾಂಗ್ಪಾ ಕುರಿಗಾಹಿಗಳ ಬದುಕು.

ಎತ್ತರ ಆಗದವರಿಗೆ

ವೈದ್ಯರು ಬೇಡವೆಂದರೆ ಹಾನ್ಲೆಯ ಆಕಾಶಕ್ಕೆ ಬದಲಿಯಿಲ್ಲ, ಆದರೆ ಹಕ್ಕಿಗೆ ಇದೆ. ಹಿಮಾಲಯದಾಚೆ ಬೇಸಿಗೆ ಕಳೆಯುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ನಂಜನಗೂಡು ಬಳಿಯ ಹದಿನಾರು ಕೆರೆಯಲ್ಲಿ ಮಂಗೋಲಿಯದಲ್ಲಿ ಗುರುತುಪಟ್ಟಿ ತೊಡಿಸಿದ ಹೆಬ್ಬಾತುಗಳೂ ಕಂಡಿವೆ. ಹಾಗಾಗಿ ಯಾವುದಾದರೂ ಹಕ್ಕಿಯ ಕೊರಳಲ್ಲಿ ಬಣ್ಣದ ಪಟ್ಟಿ ಕಂಡರೆ ಅದರ ಮೇಲಿನ ಅಕ್ಷರ-ಅಂಕೆಗಳನ್ನು ಬರೆದುಕೊಂಡು, ಒಂದು ಫೋಟೋದೊಂದಿಗೆ ಅರಣ್ಯ ಇಲಾಖೆಗೋ ಸ್ಥಳೀಯ ಪಕ್ಷಿವೀಕ್ಷಕರ ಬಳಗಕ್ಕೋ ತಿಳಿಸಬೇಕು. ಮಾಗಡಿ ಗದಗದಿಂದ ಸುಮಾರು 25 ಕಿಲೋಮೀಟರ್; ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇದು ಕೆರೆಗೆ ಮರಳುವ ಹೊತ್ತಿಗೆ, ಬಿಸಿಲು ಬೆನ್ನಿಗಿರುವ ದಂಡೆಯಲ್ಲಿ ಜಾಗ ಹಿಡಿದು ಕುಳಿತರೆ ತಲೆಯ ಎರಡು ಕಪ್ಪು ಪಟ್ಟೆಗಳು ಅದೇ 8×42 ಬೈನಾಕ್ಯುಲರಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ.